ಹಿಂದಿನ ಸೀಟಿನ ಅತ್ತೆ

ಏಪ್ರಿಲ್ 13, ಭಾನುವಾರ

ಇವತ್ತೂ ಇಪ್ಪತ್ತು ಮೈಲಿ. ಹೋಗುವಾಗ ಎದುರು ಗಾಳಿ. ಬರುವಾಗಲೂ ಎದುರೇ. ಅಯೋವಾದ ಗಾಳಿಗೆ ನ್ಯಾಯ ನೀತಿ ಒಂದೂ ಇಲ್ಲ. ತೊಡೆ ಗಟ್ಟಿಯಾಗಿದೆ, ಹೊಟ್ಟೆ ಮಾತ್ರ ಜಪ್ಪಯ್ಯ ಅಂದರೂ ಕರಗಿಲ್ಲ. ಇರಲಿ. ನಲವತ್ತಾರರಲ್ಲಿ ಸೈಕಲ್ ಹತ್ತಿದವಳು ಪ್ರತಿ ಜುಲೈನ ಒಂದು ವಾರದ ಸಾಮೂಹಿಕ ಸವಾರಿಯಲ್ಲಿ ಆಗಲೇ ಎರಡು ಸಲ ರಾಜ್ಯ ದಾಟಿದ್ದೇನೆ, ಮಿಸ್ಸೌರಿ ನದಿಯಿಂದ ಮಿಸ್ಸಿಸಿಪ್ಪಿವರೆಗೆ. ಸ್ಕೂಲ್ ಬಸ್ ಓಡಿಸುವವಳಿಗೆ ಇದೆಲ್ಲ ಯಾಕೆ ಅಂತ ನಕ್ಕವರು ಈಗ ಟೈರಿಗೆ ಎಷ್ಟು ಗಾಳಿ ಹಾಕಬೇಕು ಅಂತ ನನ್ನನ್ನೇ ಕೇಳುತ್ತಾರೆ.

ಮನೆಗೆ ಬಂದರೆ ಅತ್ತೆ ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಕಾರಿನ ಕೀ ಬಿಟ್ಟುಕೊಟ್ಟು ಒಂದು ತಿಂಗಳು. ಕಣ್ಣಿನ ನಡುವೆ ಪೂರ್ತಿ ಮಸುಕು, ಅಂಚಿನಲ್ಲಷ್ಟೇ ಅಲ್ಪಸ್ವಲ್ಪ ಕಾಣುತ್ತದೆ. ಚರ್ಚಿಗೂ ಅಂಗಡಿಗೂ ಈಗ ಮಗ ಲೈಲನೇ ಕರೆದುಕೊಂಡು ಹೋಗಬೇಕು.

“ನಿನ್ನ ಗಂಡ ನನ್ನನ್ನ ಆಲೂಗಡ್ಡೆ ಮೂಟೆ ಥರ ಹಾಕ್ಕೊಂಡು ಹೋಗ್ತಾನೆ ಕಣೇ ಮಾರ್ಲಿಸ್. ಹತ್ತಿಸ್ತಾನೆ, ಇಳಿಸ್ತಾನೆ.”

ನನ್ನ ಬಾಯಿ ಸುಮ್ಮನಿದ್ದರೆ ತಾನೆ? “ಹಾಗಾದ್ರೆ ನನ್ನ ಹಿಂದೆ ಕೂತು ಪೆಡಲ್ ಮಾಡಿ ಅತ್ತೆ. ಜುಲೈನಲ್ಲಿ ಇಬ್ರೂ ರಾಜ್ಯ ದಾಟೋಣ.”

ತಮಾಷೆಗೆ ಅಂದದ್ದು.

“ಎಷ್ಟ್ ಗಂಟೆಗೆ ಹೊರಡೋದು?” ಅಂದರು.

ಏಪ್ರಿಲ್ 27

ಜೋಡಿ ಸೈಕಲ್ ಬಂತು. ಹಳೆಯದು, ಟ್ರ್ಯಾಕ್ಟರಿನಷ್ಟು ಭಾರ. ಸ್ಟೀರಿಂಗ್, ಗೇರು, ಬ್ರೇಕು ಎಲ್ಲ ಮುಂದಿನವಳ ಕೈಯಲ್ಲಿ. ಹಿಂದಿನವರಿಗೆ ಪೆಡಲ್ ಅಷ್ಟೇ. ಕಡಿದಾದ ಇಳಿಜಾರಿಗೆಂದು ಹಿಂದಿನ ಹ್ಯಾಂಡಲ್‌ಗೂ ಒಂದು ಹೆಚ್ಚಿನ ಬ್ರೇಕ್ ಇದೆ. ನಾನು ಹೇಳಿದಾಗ ಮಾತ್ರ ಹಿಡಿಯಬೇಕು ಅಂತ ಅತ್ತೆಗೆ ಮೂರು ಸಲ ಹೇಳಿದೆ.

“ನಿನ್ನ ಬೆನ್ನು ಬಿಟ್ರೆ ಏನೂ ಕಾಣಲ್ವಲ್ಲೇ ಇಲ್ಲಿಂದ!”

“ಹೇಗೂ ನಿಮಗೆ ನಡುವೆ ಕಾಣಲ್ವಲ್ಲ ಅತ್ತೆ. ನನ್ನ ಬೆನ್ನು ಅಲ್ಲೇ ಇದ್ರೆ ನಷ್ಟ ಏನು?”

ಲೈಲ್ ಮುಖ ಬಿಳಿಚಿಕೊಂಡಿತು. ಅತ್ತೆ ಮಾತ್ರ ಗ್ಯಾರೇಜು ಹಾರಿಹೋಗುವ ಹಾಗೆ ನಕ್ಕರು. ಕಣ್ಣಿನ ವಿಷಯಕ್ಕೆ ನಕ್ಕಿದ್ದು ಇದೇ ಮೊದಲು.

“ಮೂರನೇ ದಿನ ಇಬ್ರೂ ನನ್ನ ವ್ಯಾನ್ ಹತ್ತುತ್ತೀರ, ನೋಡ್ತಿರಿ,” ಅಂದ ಲೈಲ್. ಡೇರೆ, ಹಾಸಿಗೆ ಹೊತ್ತು ವ್ಯಾನಿನಲ್ಲಿ ಹಿಂದೆ ಬರುವವನು ಅವನೇ.

“ಒಂದು ಇಂಚೂ ಹತ್ತಲ್ಲ ಕಣೋ. ಆ ನದಿಯಿಂದ ಈ ನದಿಗೆ ನನ್ನ ಕಾಲಲ್ಲೇ ಹೋಗ್ತೀನಿ. ಮೂಟೆ ಥರ ಹೋಗೋದು ಸಾಕಾಗಿದೆ.”

ಜೂನ್ 8

ಅರವತ್ತು ಮೈಲಿ. ಜಗಳ: ನಾಲ್ಕು. ಅದರಲ್ಲಿ ಎರಡು ಗೆದ್ದೆ.

ಜುಲೈ 20, ಭಾನುವಾರ

ಪದ್ಧತಿಯಂತೆ ಹಿಂದಿನ ಚಕ್ರ ಮಿಸ್ಸೌರಿಯಲ್ಲಿ ಅದ್ದಿ ಹೊರಟೆವು. ಶನಿವಾರ ಮುಂದಿನ ಚಕ್ರ ಮಿಸ್ಸಿಸಿಪ್ಪಿಯಲ್ಲಿ. ಸಾವಿರಾರು ಸೈಕಲ್. ಗುಡ್ಡ ಇಳಿಯುವಾಗ ಜೋಡಿ ಸೈಕಲ್ ಬಾಣದ ಹಾಗೆ ಹೋಗುತ್ತದೆ ಅಂತ ಕೇಳಿದ್ದೆ. ನಮ್ಮದು ಎಮ್ಮೆಯ ಹಾಗೆ ಇಳಿಯಿತು. ಟೈರ್ ಅಗಲವಾಯಿತೇನೋ.

ಜುಲೈ 22, ಮಧ್ಯಾಹ್ನ

ಬಾಳೆಹಣ್ಣಿನ ವೇಷ ಹಾಕಿದವನೊಬ್ಬ ನಮ್ಮನ್ನು ದಾಟಿ ಹೋದ. ಕೈ ಬೀಸಿಕೊಂಡು! ತೊಡೆ ಉರಿದುಹೋಗುತ್ತಿದೆ. ನನಗೆ ವಯಸ್ಸಾಯಿತು ಅಂತಲೇ ತೀರ್ಮಾನಿಸಿದ್ದೆ.

ಚರ್ಚಿನ ಮುಂದೆ ಸೇಬಿನ ಪೈ ಕೊಳ್ಳುವ ಸಾಲಿನಲ್ಲಿ ನಿಂತಿದ್ದೆವು. ಲೈಲ್ ಸೈಕಲ್ ಸರಿಸಲು ಹೋಗಿ ಹಿಂದಿನ ಚಕ್ರದ ನಡುವೆ ಕೈ ಇಟ್ಟವನು ಅಯ್ಯೋ ಅಂತ ಹಾರಿದ. ಕಾದ ಕಾವಲಿ!

“ಅತ್ತೆ... ಬ್ರೇಕ್ ಹಿಡ್ಕೊಂಡಿದ್ರಾ?”

“ಸ್ವಲ್ಪ.”

“ಯಾವಾಗಿಂದ?”

“ಮಿಸ್ಸೌರಿಯಿಂದ.”

ಮೂರು ದಿನ! ಮೂರು ದಿನ ಅತ್ತೆಯನ್ನೂ ಬ್ರೇಕನ್ನೂ ಎಳೆದಿದ್ದೇನೆ. ಪಿತ್ತ ನೆತ್ತಿಗೇರಿತು. “ನಮ್ಮ ಜಿಲ್ಲೆಯ ಅರ್ಧ ಮಕ್ಕಳನ್ನ ಬಸ್ಸಲ್ಲಿ ಹೊತ್ತೋಳು ನಾನು! ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ! ನನ್ನ ಮೇಲೆ ನಂಬಿಕೆ ಇಲ್ವಾ ನಿಮಗೆ?”

“ಆ ಮಕ್ಕಳಿಗೆ ಕಿಟಕಿ ಇದೆಯಲ್ಲೇ,” ಅಂದರು. ದನಿ ಸಣ್ಣದಾಗಿತ್ತು. “ಗುಂಡಿ ಬರುತ್ತೋ ನಾಯಿ ಬರುತ್ತೋ, ನಂಗೇನು ಗೊತ್ತಾಗುತ್ತೆ? ಕೈಗೆ ಏನಾದ್ರೂ ಬೇಕಾಗುತ್ತೆ ಮಾರ್ಲಿಸ್.”

ಕೋಪವೆಲ್ಲ ಇಳಿದುಹೋಯಿತು. ನಾಚಿಕೆಯಾಯಿತು. ಮುಂದೆ ಕೂತವಳು ನಾನು, ಕಾಣುವುದೆಲ್ಲ ನನಗೊಬ್ಬಳಿಗೇ ಅಂತ ಇಟ್ಟುಕೊಂಡಿದ್ದೆ.

ಅಲ್ಲಿಂದ ಬಾಯಿ ಮುಚ್ಚಿಲ್ಲ. ಬಿರುಕು. ಎಡಕ್ಕೆ ತಿರುವು. ಕೆಂಪು ಕೊಟ್ಟಿಗೆ, ಚಾವಣಿ ಕುಸಿದಿದೆ. ಹಳದಿ ನಾಯಿ, ಸೋಮಾರಿ, ಏಳಲ್ಲ. ದೊಡ್ಡ ಇಳಿಜಾರು ಬರ್ತಿದೆ ಅತ್ತೆ, ಕೆಳಗೆ ಸೇತುವೆ, ರಸ್ತೆ ಚೆನ್ನಾಗಿದೆ.

ಸೈಕಲ್ ಹಗುರಾಯಿತು.

ಜುಲೈ 24

ಇಳಿಜಾರಿನಲ್ಲಿ ಗಂಟೆಗೆ ನಲವತ್ತು ಮೈಲಿ ವೇಗ! ಹಿಂದಿನಿಂದ ಕಿರುಚಾಟ. ಹೆದರಿದರು ಅಂದುಕೊಂಡೆ. ಕಿವಿಗೊಟ್ಟು ಕೇಳಿದರೆ — “ಇನ್ನೂ ಜೋರಾಗಿ! ತುಳಿಯೇ!”

ಬಾಳೆಹಣ್ಣನ್ನು ಹಿಂದೆ ಹಾಕಿದೆವು. ಅತ್ತೆಯೇ ಕೈ ಬೀಸಿದರು.

ಜುಲೈ 26, ಶನಿವಾರ ಸಂಜೆ

ಮೋಟೆಲ್. ಮಲಗಬೇಕಂತೆ. ಬರೆದೇ ತೀರುತ್ತೇನೆ.

ಬೆಂಕಿಯಂಥ ಬಿಸಿಲು. ಮಾತಾಡುವ ಭರದಲ್ಲಿ ನೀರು ಕುಡಿಯುವುದೇ ಮರೆತಿದ್ದೆ. “ಮುಂದೆ ಸೇತುವೆ” ಅಂದೆನಂತೆ. ಸೇತುವೆ ಇರಲಿಲ್ಲ. “ಬಸ್ಸಲ್ಲಿ ಸುಮ್ಮನೆ ಕೂತ್ಕೊಳ್ಳಿ ಮಕ್ಕಳೇ” ಅಂದೆನಂತೆ. ಅತ್ತೆ ಪೆಡಲ್ ನಿಲ್ಲಿಸಿಬಿಟ್ಟರು. ಜೋಡಿ ಸೈಕಲ್‌ನಲ್ಲಿ ಒಬ್ಬರ ಕಾಲು ನಿಂತರೆ ಇನ್ನೊಬ್ಬರದೂ ನಿಲ್ಲುತ್ತದೆ. ಹುಲ್ಲಿನ ಮೇಲೆ ಬಿದ್ದು ವಾಂತಿ ಮಾಡಿದೆ. ನಾನು! ಎಪ್ಪತ್ಮೂರರ ಅತ್ತೆ ನನ್ನ ತಲೆಗೆ ನೀರು ಸುರಿಯುತ್ತಿದ್ದಾರೆ!

ಸವಾರಿಯ ಜೊತೆಗಿದ್ದ ನರ್ಸ್ ಬಂದು, ಇವತ್ತು ಇನ್ನು ಸೈಕಲ್ ಮುಟ್ಟಕೂಡದು ಅಂದಳು. ನದಿಗೆ ಇನ್ನು ಹತ್ತೊಂಬತ್ತೇ ಮೈಲಿ.

ಲೈಲ್ ವ್ಯಾನ್ ತಂದ. ಮೂರನೇ ದಿನದ ಮಾತು ಎತ್ತಲಿಲ್ಲ. ನನ್ನ ಹೆಲ್ಮೆಟ್ ತೆಗೆದು ತಾನೇ ಹಾಕಿಕೊಂಡ. “ಅಮ್ಮಾ, ನಾನು ಮುಂದೆ ಕೂರ್ತೀನಿ. ನೀನು ಮುಗಿಸು.”

“ಹೋಗಿ ಅತ್ತೆ,” ಅಂದೆ. “ನನ್ನಿಂದ ನಿಮ್ಮ ಇಂಚು ಹಾಳಾಗೋದು ಬೇಡ.” ಮನಸ್ಸಿನಿಂದಲೇ ಅಂದೆ, ಹೊಟ್ಟೆ ಮಾತ್ರ ಉರಿಯುತ್ತಿತ್ತು.

ಅತ್ತೆ ಮುಖ ಓರೆ ಮಾಡಿ ಕಣ್ಣಂಚಿನಿಂದ ಮಗನನ್ನು ನೋಡಿದರು. “ನಂಗೆ ನದಿ ಕಾಣಲ್ಲ ಕಣೋ. ಅದು ಹೇಗಿದೆ ಅಂತ ಹೇಳೋಳು ಇವಳು. ಇವಳನ್ನ ಇಲ್ಲಿ ಮಲಗಿಸಿ ಅಲ್ಲಿ ಹೋಗಿ ನಾನೇನು ನೋಡ್ಲಿ?”

ಒಂದು ಕಾಲುಚೀಲ ಕಳಚಿ, ಬೇಲಿಯ ಕಂಬ ತಡವಿ ಹುಡುಕಿ, ನಿಂತ ಜಾಗದ ಗುರುತಿಗೆ ಅದಕ್ಕೆ ಗಂಟು ಹಾಕಿದರು. ಆಮೇಲೆ ವ್ಯಾನ್ ಹತ್ತಿ ನನ್ನ ಪಕ್ಕ ಕೂತರು.

ದಾರಿಯುದ್ದಕ್ಕೂ ನನ್ನ ಕಣ್ಣಲ್ಲಿ ನೀರು. ಬಿಸಿಲಿಗೆ ಅಂತ ಹೇಳಿದೆ.

ಜುಲೈ 27, ಭಾನುವಾರ, ಬೆಳಗ್ಗೆ 5.40

ಸವಾರಿ ನಿನ್ನೆಗೇ ಮುಗಿಯಿತು. ಇವತ್ತು ನದಿಯ ಹತ್ತಿರ ಡೇರೆಯಿಲ್ಲ, ಚಪ್ಪಾಳೆಯಿಲ್ಲ. ಇರದಿದ್ದರೆ ಬೇಡ. ರಾತ್ರಿಯೆಲ್ಲ ನೀರು ಕುಡಿದು ಮಲಗಿ ಎದ್ದಿದ್ದೇನೆ, ತಲೆ ತಣ್ಣಗಿದೆ, ನಾಡಿ ಸರಿಯಾಗಿದೆ, ಹಸಿವೂ ಆಗುತ್ತಿದೆ.

ನಿನ್ನೆ ನಿಂತ ಜಾಗಕ್ಕೇ ವ್ಯಾನಿನಲ್ಲಿ ವಾಪಸ್ ಬಂದಿದ್ದೇವೆ. ಕಾಲುಚೀಲ ಕಂಬದ ಮೇಲೇ ಇತ್ತು, ಇಬ್ಬನಿಗೆ ನೆನೆದು. ಅತ್ತೆ ಅದನ್ನೇ ಹಿಂಡಿ ಹಾಕಿಕೊಂಡರು. ಲೈಲ್ ನೀರಿನ ಬಾಟಲಿ ತುಂಬಿಸುತ್ತಿದ್ದಾನೆ. ಆರು ಬಾಟಲಿ, ಹುಚ್ಚ.

ವ್ಯಾನಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನದಿ ಬಂದಾಗ ಅತ್ತೆಗೆ ಏನು ಹೇಳುವುದು? ಎರಡು ಸಲ ಚಕ್ರ ಅದ್ದಿದ್ದೇನೆ, ಒಂದು ಸಲವೂ ಸರಿಯಾಗಿ ನೋಡಿಲ್ಲ. ಅಗಲ ಇದೆ ಅನ್ನಲೇ? ಕಂದು ಬಣ್ಣ? ಇಷ್ಟಕ್ಕೆ ಬಿಡುವವರಲ್ಲ. ಯಾವ ಥರದ ಕಂದು, ಎಷ್ಟು ವೇಗ, ಆಚೆ ದಡದಲ್ಲಿ ಯಾರಿದ್ದಾರೆ... ಎಲ್ಲ ಕೇಳುತ್ತಾರೆ. ನೋಡಬೇಕು, ಸರಿಯಾಗಿ ನೋಡಿ —

“ಮಾರ್ಲಿಸ್! ಬರೀತಾ ಕೂತ್ರೆ ನದಿ ಒಣಗಿ ಹೋಗುತ್ತೆ! ರಸ್ತೆ ಹೇಗಿದೆ ಹೇಳು!”

ಖಾಲಿ ಇದೆ ಅತ್ತೆ. ಎರಡೂ ಕಡೆ ಮೆಕ್ಕೆಜೋಳ, ಮೇಲೆ ಮಂಜು, ಮುಂದೆ ಒಂದು ದೊಡ್ಡ ಇಳಿಜಾರು. ಬಂದೆ —