ಸೈಡ್ ಸ್ಟ್ಯಾಂಡಿನ ಕಲ್ಲು

೧೩ ಸೆಪ್ಟೆಂಬರ್, ಶನಿವಾರ

ಆರ್15 ಬೈಕ್ ತಗೊಳ್ಳಲೋ ಡ್ಯೂಕ್ ತಗೊಳ್ಳಲೋ, ಇವತ್ತೂ ತೀರ್ಮಾನ ಆಗಲಿಲ್ಲ. ಶಿರಸಿಯ ಶೋರೂಮಿನಲ್ಲಿ ಎರಡರ ಮೇಲೂ ಹತ್ತಿ ಇಳಿದು ಸಾಕಾಯಿತು. ಆರ್15 ಮೇಲೆ ಬಗ್ಗಿ ಕೂತರೆ ಸಾಕು, ನಿಲ್ಕುಂದ ಘಟ್ಟದ ತಿರುವುಗಳೆಲ್ಲ ಕಣ್ಣೆದುರು ಬರುತ್ತವೆ. ಡ್ಯೂಕಿನಲ್ಲಿ ಬೆನ್ನು ನೆಟ್ಟಗಿರುತ್ತದೆ. ಆಸ್ಪತ್ರೆ ಡ್ಯೂಟಿ ಮುಗಿಸಿ ಬರುವವಳಿಗೆ ಅದೇ ಸುಖ.

ಅಪ್ಪನ ಹತ್ತಿರ ಕೇಳುವ ಹಾಗಿಲ್ಲ. ಹೋದ ವರ್ಷ ನಾನು ಹಳೇ ಗಾಡಿಯಿಂದ ಬಿದ್ದು ಕೈ ಮುರಿದುಕೊಂಡ ಮೇಲೆ ಬೈಕಿನ ಮಾತು ಬಂದರೆ ಎದ್ದೇ ಹೋಗುತ್ತಾನೆ. ಮೊನ್ನೆ ಮಾತ್ರ ಉಣ್ಣುತ್ತಾ, ತಲೆ ಎತ್ತದೆ, "ನೇತ್ರಾ, ಅವಕ್ಕೆ ಡಬಲ್ ಸ್ಟ್ಯಾಂಡ್ ಇರ್ತದಾ?" ಅಂದ. ಎರಡಕ್ಕೂ ಇಲ್ಲ, ಸೈಡ್ ಸ್ಟ್ಯಾಂಡ್ ಒಂದೇ ಅಂದೆ. "ಮತ್ತೆಂತಕ್ಕೆ ಅದು?" ಎಂದು ಕೈ ತೊಳೆಯಲು ಎದ್ದ. ಸಿಟ್ಟು ಬಂದು ಎರಡು ದಿನ ನಾನು ಮಾತೇ ಆಡಲಿಲ್ಲ.

ಇವತ್ತು ಸಂಜೆ ಬಂದು ನೋಡಿದರೆ, ಅಂಗಳದಲ್ಲಿ ನಾನು ಗಾಡಿ ನಿಲ್ಲಿಸುವ ಜಾಗದಲ್ಲೇ ಅಪ್ಪ ಒಂದು ಚಿರೆಕಲ್ಲನ್ನು ನೆಲಕ್ಕೆ ಸಮವಾಗಿ ಹೂತಿದ್ದಾನೆ. ನಮ್ಮ ಮೆತ್ತನೆ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಇಳಿದು ಗಾಡಿ ಮಗುಚುತ್ತದೆ. ಎಲ್ಲರೂ ಅದರಡಿಗೆ ಒಂದು ಹಲಗೆ ಚೂರು ಕೊಟ್ಟು ಸುಧಾರಿಸುತ್ತಾರೆ. ಅಪ್ಪ ಕಲ್ಲನ್ನೇ ಕೂರಿಸಿದ್ದಾನೆ.

"ಯಾವ ಬೈಕ್ ಅಂತ ಇನ್ನೂ ಗೊತ್ತಿಲ್ವಲ್ಲ ಅಪ್ಪ," ಅಂದೆ.

"ಯಾವ್ದು ತಂದ್ರೂ ಎಡಕ್ಕೇ ಅಲ್ದಾ ವಾಲೋದು," ಅಂದ.

ಎರಡು ದಿನದ ನನ್ನ ಮೌನಕ್ಕೆ ನನಗೇ ನಾಚಿಕೆಯಾಯಿತು. ಬೈಕ್ ಯಾವುದೆಂದು ನಾಳೆ ಯೋಚಿಸಿದರಾಯಿತು. ಮಲಗುವ ಮೊದಲು ಹೋಗಿ ಆ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತು ಬಂದೆ. ಚೂರೂ ಅಲುಗಲಿಲ್ಲ.