ದೊರೆಗೆ ಕೊನೆಯ ಗುಟುಕು

ಸೋಲಾಪುರ,
ಸೋಮವಾರ, ೧೭ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ಗುರುಶಾಂತನಿಗೆ,

ನಿನ್ನ ಅಕ್ಕ ದೂರದಿಂದಲೇ ತಲೆ ಸವರಿ ಕೇಳುತ್ತಿದ್ದೇನೆ, ಹೇಗಿದ್ದೀ? ಶುಗರ್ ಗುಳಿಗೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತೀಯೋ ಅಥವಾ ಮಗಳು ಮನೀಷಾ ಬೆನ್ನು ಹತ್ತಬೇಕೋ? ಪುಣೆಯ ಮೆತ್ತನೆ ಚಪಾತಿ ತಿಂದು ನಿನ್ನ ಹಲ್ಲು ಸೋಮಾರಿಯಾಗಿರಬೇಕು. ಇದರ ಜೊತೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ, ಮಗಳಿಗೂ ಅಳಿಯನಿಗೂ ಕೊಟ್ಟು ತಿನ್ನು. ನಾವು ಎಲ್ಲರೂ ಆರಾಮ. ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿಮ್ಮ ಮಾಮಾ ಚಾದರದ ಅಂಗಡಿಯಲ್ಲಿ ಕೂತು ಗಿರಾಕಿಗಳಿಗಿಂತ ಹೆಚ್ಚು ಚಹಾ ಕುಡಿಯುತ್ತಾರೆ. ಫೋನ್ ಮಾಡಿದರೆ ನೀನು ‘ಹೂಂ, ಆರಾಮ ಅದೀನಿ’ ಅಂದು ಇಟ್ಟುಬಿಡುತ್ತೀ, ಅದಕ್ಕೇ ಕಾಗದ. ನಾಗಣಸೂರಿನ ಕನ್ನಡ ಸಾಲಿಯಲ್ಲಿ ಕಲಿತ ಈ ಅಕ್ಷರ ನಿನ್ನ ಮಗಳಿಗೂ ಬಾರದು, ನನ್ನ ಮೊಮ್ಮಗಳಿಗೂ ಬಾರದು. ಆದ್ದರಿಂದ ಕನ್ನಡಕ ಹಾಕಿಕೊಂಡು ನೀನೇ ಓದಬೇಕು.

ನಿನ್ನೆ ನಮ್ಮೂರು ನಾಗಣಸೂರಿನಲ್ಲಿ ದೊಡ್ಡಾಟ ಆಯಿತು. ನೀನಿಲ್ಲದ ಮೊದಲ ಆಟ. ನಿನಗೆ ಮೀಸೆ ಚಿಗುರಿದಾಗಿನಿಂದ ದೊರೆಯ ಕಿರೀಟ ಬೇರೆ ತಲೆಯ ಮೇಲೆ ಕೂತದ್ದೇ ಇಲ್ಲ. ಶ್ರಾವಣದಲ್ಲಿ ಮುಕ್ತಾ ಹೋದಾಗ ನೀನು ಕಲ್ಲಿನಂತೆ ನಿಂತು ಎಲ್ಲ ಕ್ರಿಯೆ ಮಾಡಿದೆ, ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಆಗ ಊರಿನ ರೇವಮ್ಮ ಅಂದ ಮಾತು ನಿನ್ನ ಕಿವಿಗೆ ಬಿತ್ತು: ‘ಊರನ್ನ ಅಳಸಾಂವಗ ತನ್ನ ಹೇಣ್ತಿ ಸತ್ತರ ಅಳು ಬರವಲ್ದು, ಅವನದೆಲ್ಲಾ ಬಣ್ಣದ ಅಳು.’ ಅವಳ ನಾಲಿಗೆಗೆ ಎಲುಬಿಲ್ಲ ಎಂದು ಬಿಡಬೇಕಿತ್ತು. ನೀನು ಬಿಡಲಿಲ್ಲ. ‘ಆಕಿ ಅಂದದ್ದು ಖರೇ ಐತಿ ಅಕ್ಕಾ, ನನ್ನೊಳಗ ಏನೂ ಇಲ್ಲ’ ಎಂದು ಹೇಳಿ ಮಗಳ ಮನೆಗೆ ಹೋದೆ. ನೀನು ಅಂಥವನಲ್ಲ ಎಂದು ನನಗೆ ಗೊತ್ತು, ಆದರೆ ನಿನಗೆ ಹೇಗೆ ಹೇಳುವುದೆಂದು ನಿನ್ನೆಯವರೆಗೆ ಗೊತ್ತಿರಲಿಲ್ಲ.

ಮೊಮ್ಮಗಳು ರೂಪಾಲಿಯನ್ನು ಜೊತೆಗೆ ಕರೆದೊಯ್ದಿದ್ದೆ. ಕಾಲೇಜಿನಲ್ಲಿ ಸಾಹಿತ್ಯ ಓದುತ್ತಾಳೆ, ದೊಡ್ಡಾಟ ನೋಡಿದವಳಲ್ಲ. ಎಸ್‌ಟಿ ಬಸ್ಸಿನಲ್ಲಿ ಅವಳಿಗೆ ನಿನ್ನ ದೊರೆಯ ಕಥೆ ಹೇಳಿದೆ. ಎಲ್ಲರಿಗೂ ಕೊಟ್ಟವನು, ಯಾರ ಮುಂದೆಯೂ ಕೈಚಾಚೆನು ಎಂದು ಆಣೆ ಮಾಡಿದವನು, ವೈರಿ ಕೋಟೆ ಮುತ್ತಿದಾಗ ಸ್ವಂತ ತಮ್ಮನ ದಂಡನ್ನೂ ಕೇಳಲಿಲ್ಲ, ಒಬ್ಬನೇ ಕಾದಾಡಿ ಬಿದ್ದ, ಬಾಯಾರಿ ಸಾಯುವಾಗಲೂ ನೀರು ಬೇಡಲಿಲ್ಲ. ಹುಡುಗಿ ಕಣ್ಣರಳಿಸಿ, ‘ಅಜ್ಜಿ, ನಮ್ಮ ಪುಸ್ತಕದಾಗೂ ಹಿಂಗ ಐತಿ. ಗ್ರೀಕರ ನಾಟಕದಾಗ ನಾಯಕ ದೊಡ್ಡಾಂವ ಇರಬೇಕು, ಕೆಟ್ಟಾಂವ ಇರಬಾರ್ದು, ತನ್ನ ಒಂದ ತಪ್ಪಿನಿಂದ ಬೀಳಬೇಕು. ಅಂವಾ ಬಿದ್ದಾಗ ನೋಡೂ ಮಂದಿ ಅತ್ತು ಅತ್ತು ಮನಸ್ಸು ಹಗುರ ಮಾಡ್ಕೋತಾರ’ ಅಂದಳು. ಸಾವಿರಾರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರಂತೆ. ಹಾಗಾದರೆ ಆ ಊರಲ್ಲೂ ದೊರೆಗೆ ನೀರು ಕೊಡುತ್ತಿದ್ದರೇನು ಎಂದು ಕೇಳಿದೆ. ಅದು ಪುಸ್ತಕದಲ್ಲಿ ಇಲ್ಲವಂತೆ. ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಅವನು ಬಾಯಾರಿ ಸಾಯುವುದನ್ನು ನೋಡಲಾಗಲಿಲ್ಲ ನೋಡು. ಪಾತ್ರ ಮಾಡುವವನ ಒಡಹುಟ್ಟಿದವಳು ಆಟದ ಅಟ್ಟ ಹತ್ತಿ ಬಾಯಿಗೆ ನೀರು ಬಿಟ್ಟ ಮೇಲೆಯೇ ದೊರೆ ಸಾಯಬೇಕು ಎಂದು ಯಾವ ಅಜ್ಜಿ ಹಟ ಹಿಡಿದಳೋ, ಅದೇ ಪದ್ಧತಿಯಾಯಿತು.

ಈಗ ರಾತ್ರಿ ಹತ್ತು ಗಂಟೆಗೆ ಮೈಕಿನ ಕರ್ಣೆ ಬಂದ್ ಮಾಡಬೇಕೆಂದು ಆಟ ಮಧ್ಯಾಹ್ನವೇ ಶುರುವಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ ದೊರೆಗೆ ಬಾಣ ಬಿತ್ತು. ನಿನ್ನ ಜಾಗದಲ್ಲಿ ಬಸಯ್ಯ. ಚೆನ್ನಾಗಿಯೇ ಮಾಡಿದ, ಹೊಟ್ಟೆಕಿಚ್ಚು ಬೇಡ. ಆದರೆ ಅವನು ತಾಯಿ ಇಲ್ಲದವನು, ಅಕ್ಕತಂಗಿಯರೂ ಇಲ್ಲ. ತಾಲೀಮು ಮಾಡಿಸಿದ ಹಿರಿಯರಲ್ಲಿ ಒಬ್ಬನಿಗಾದರೂ ಇವನಿಗೆ ನೀರು ಕೊಡುವವರು ಯಾರೆಂದು ಹೊಳೆಯಬೇಡವೇ? ಬಸಯ್ಯ ಬಾಣ ಹಿಡಿದುಕೊಂಡು ನಿಂತ. ನೀರು ಬರಲಿಲ್ಲ. ಸಾಯುವ ಪದ ಮುಗಿಸಿ ಮತ್ತೆ ಮೊದಲಿಂದ ಹಾಡಿದ. ಪೇಟಿ ಬಾರಿಸುವವನ ಬೆರಳು ಸೋತವು. ಹೆಂಗಸರ ಕಡೆಯಿಂದ ಕೂಗು: ‘ತಡಿಯೋ ಬಸಯ್ಯಾ, ನೀರ ಇನ್ನಾ ಬಂದಿಲ್ಲ, ಹಂಗ ಸಾಯಬ್ಯಾಡ.’ ಪಾಪ, ಅವನು ಬಾಣ ಹಿಡಿದೇ ಮತ್ತೆ ಪದ ಎತ್ತಿದ. ರೂಪಾಲಿ ನಗುತ್ತಿದ್ದಳು, ನಾನೂ ನಕ್ಕೆ.

ನಗುತ್ತಲೇ ಕೈ ಪಕ್ಕಕ್ಕೆ ಚಾಚಿದೆ, ಗುರೂ. ರೂಢಿ. ಪ್ರತಿ ಆಟದಲ್ಲೂ ಮುಕ್ತಾ ತಂಬಿಗೆ ತುಂಬಿಕೊಂಡು ನನ್ನ ಮಗ್ಗುಲಲ್ಲೇ ಕೂತಿರುತ್ತಿದ್ದಳಲ್ಲ. ಬಾಣ ಬಿದ್ದ ಕೂಡಲೇ ನನ್ನನ್ನು ತಿವಿಯುತ್ತಿದ್ದಳು: ‘ಅಕ್ಕಾರ, ಲಗೂ ಹೋಗ್ರಿ, ನಿಮ್ಮ ತಮ್ಮ ಕೇಳಿ ಕುಡಿಯೂ ಮನಶಾ ಅಲ್ಲ.’ ಕೈಗೆ ತಂಬಿಗೆ ಸಿಗಲಿಲ್ಲ. ನನ್ನ ನಗು ಅಲ್ಲೇ ನಿಂತಿತು. ಯಾರದೋ ಬಾಟಲಿ ಕಸಿದುಕೊಂಡು, ಮೊಣಕಾಲು ಶಪಿಸುತ್ತ ಅಟ್ಟ ಹತ್ತಿ ಬಸಯ್ಯನ ಬಾಯಿಗೆ ನೀರು ಬಿಟ್ಟೆ. ಅವನು ಗುಟುಕರಿಸಿ ಬಿದ್ದ. ನಾನು ಅವನ ಕಿರೀಟ ಹಿಡಿದು ಕೂತು ಅತ್ತೆ, ಮುಕ್ತಾಳ ಹೆಸರು ಹಿಡಿದೇ ಅತ್ತೆ. ಕೆಳಗೆ ನೋಡಿದರೆ ಎಲ್ಲರೂ ಅಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ಆ ರೇವಮ್ಮ. ಆಟದ ಅರ್ಧ ಮಾತು ತಿಳಿಯದ ರೂಪಾಲಿಯೂ ಮೂಗು ಒರೆಸುತ್ತಿದ್ದಳು.

ಇಳಿದು ಬಂದಾಗ ರೇವಮ್ಮ ನನ್ನ ಕೈ ಹಿಡಿದು, ‘ನನ್ನ ಮಗಾ ಹ್ವಾದಾಗ ನನಗೂ ಅಳು ಬಂದಿದ್ದಿಲ್ಲ ಸುಮಿತ್ರಕ್ಕಾ. ಗುರುಶಾಂತಣ್ಣ ಅಟ್ಟದ ಮ್ಯಾಲ ಸತ್ತಾಗ ಬಂತು’ ಅಂದಳು. ಆಗ ನನಗೆ ಹೊಳೆಯಿತು, ತಮ್ಮಾ. ಊರಿನವರೆಲ್ಲ ತಮ್ಮ ತಮ್ಮ ದುಃಖ ಅಳಲೆಂದು ನೀನು ಪ್ರತಿ ಸಲ ಸತ್ತೆ. ನಿನಗಾಗಿ ಯಾರು ಸತ್ತರು? ನೀನು ಒಂದು ಸಲವಾದರೂ ಕೆಳಗೆ ಕೂತು ಆಟ ನೋಡಿದ್ದೀಯಾ? ನಿನ್ನೊಳಗೆ ಏನೂ ಇಲ್ಲ ಎಂಬುದು ಶುದ್ಧ ಸುಳ್ಳು. ಕೇಳದೆ ಕುಡಿಯದೆ ನಿಂತ ದೊರೆಯ ಹಟ ನಿನಗೂ ಅಂಟಿದೆ, ಅಷ್ಟೇ. ಮುಕ್ತಾ ಹೋದ ದಿನ ನೀನು ಆಸ್ಪತ್ರೆಯಲ್ಲಿ ಗಾಜಿನ ಬಾಗಿಲ ಹೊರಗೆ ನಿಂತು, ‘ಆಕಿ ಬಾಯಾಗ ಒಂದ ಗುಟುಕ ನೀರ ಬಿಡಾಕ ಒಳಗ ಬಿಡಲಿಲ್ಲ ಅಕ್ಕಾ’ ಎಂದು ಒಂದೇ ಸಲ ಅಂದಿದ್ದೆ. ಆಮೇಲೆ ಬಾಯಿ ಮುಚ್ಚಿದವನು ಇನ್ನೂ ತೆರೆದಿಲ್ಲ.

ಇರಲಿ, ಅಕ್ಕನ ಮಾತು ಸಿಟ್ಟಿನದಲ್ಲ. ಮನೀಷಾಳಿಗೆ, ಅಳಿಯನಿಗೆ ನನ್ನ ಆಶೀರ್ವಾದ ಹೇಳು. ಬಿರೋಬಾ ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ, ನನ್ನ ಆಯುಷ್ಯದಲ್ಲಿ ಉಳಿದದ್ದರಲ್ಲಿ ಅರ್ಧ ನಿನಗೆ ಕೊಡಲಿ.

ನಿನ್ನ ಅಕ್ಕ,
ಸುಮಿತ್ರಾಬಾಯಿ

ತಾ.ಕ.: ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ಅಮಾವಾಸ್ಯೆಗೆ ಕರಜಗಿಯಲ್ಲಿ ಇದೇ ಆಟ. ನೀನು ಬಣ್ಣ ಹಚ್ಚಬೇಡ, ಬಸಯ್ಯನೇ ಸಾಯಲಿ. ನನ್ನ ಮೊಣಕಾಲು ಇನ್ನೊಮ್ಮೆ ಅಟ್ಟ ಹತ್ತುವುದಿಲ್ಲ. ನೀರು ನನ್ನ ತಮ್ಮ ಕೊಡುತ್ತಾನೆ ಎಂದು ಹೇಳಿದ್ದೇನೆ. ಗಂಡಸರು ಕೊಡುವ ಪದ್ಧತಿ ಇಲ್ಲವೆಂದು ಹಿರಿಯರು ಗೊಣಗಿದರು. ‘ಪದ್ಧತಿ ಹಾಕಿದಾಕಿನೂ ನಮ್ಮಂಥಾ ಒಬ್ಬಾಕಿ ಮುದಿಕೀನ’ ಎಂದೆ, ಒಪ್ಪಿದರು. ಮುಕ್ತಾಳ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟಿದ್ದೇನೆ. ತುಂಬಿಕೊಂಡು ಹತ್ತು, ಬಾಗಿ, ಆ ಬಾಯಿಗೆ ನೀರು ಬಿಡು. ಅವಸರ ಮಾಡಬೇಡ, ಅಲ್ಲಿ ನಿನ್ನನ್ನು ಯಾರೂ ತಡೆಯುವುದಿಲ್ಲ. ಆಮೇಲೆ ಇಳಿದು ನನ್ನ ಮಗ್ಗುಲಿಗೆ ಬಾ, ಮುಕ್ತಾಳ ಜಾಗ ಹಿಡಿದಿಟ್ಟಿರುತ್ತೇನೆ.