ಮುಟ್ಟದಿದ್ದರೆ ಮುನಿಯುವ ಸೋಮ

ಮೈಸೂರು, ಶನಿವಾರ

ಚಿಕ್ಕಪ್ಪನವರ ಪಾದಗಳಿಗೆ ಪುಟ್ಟರಾಜುವಿನ ನಮಸ್ಕಾರ.

ಸೋಮನ ಕುಣಿತದಲ್ಲಿ ಅಪ್ಪ ಹೊರುತ್ತಿದ್ದ ಮುಖವಾಡ ನೋಡಲೆಂದು ಅವ್ವನನ್ನು ಇಲ್ಲಿನ ಯೂನಿವರ್ಸಿಟಿ ಮ್ಯೂಸಿಯಮ್ಮಿಗೆ ಕರೆತಂದೆ. ಚಾವಣಿ ರಿಪೇರಿಯೆಂದು ಆ ಕೋಣೆಗೆ ಬೀಗ ಹಾಕಿದ್ದರು. ಹಜಾರದಲ್ಲಿ ಆಳೆತ್ತರದ ಟಚ್‌ಸ್ಕ್ರೀನ್ ನಿಲ್ಲಿಸಿದ್ದಾರೆ. ನಾನು ಬೆರಳಿಟ್ಟೆ, ನಮ್ಮ ಸೋಮನೇ ಬಂದ, ಅದೇ ಕೆಂಪು ಮುಖ, ಅದೇ ಕೋರೆಹಲ್ಲು. ಅವ್ವ ಕೈಮುಗಿದು ನೋಡುತ್ತಿದ್ದಂತೆ ಮಾಯವಾದ. ಮುಟ್ಟಿದರೆ ಮುನಿ ಗಿಡ ಗೊತ್ತಿತ್ತು, ಮುಟ್ಟದಿದ್ದರೆ ಮುನಿಯುವ ಯಂತ್ರವನ್ನು ಈಗ ಕಂಡೆ.

“ನೀವೇ ಮುಟ್ಟಿ ಕಣಮ್ಮ, ಬತ್ತದೆ,” ಅಂದರು ಅಲ್ಲಿನ ಕಾವಲುಗಾರ ನಿಂಗಯ್ಯ.

“ಹೆಂಗಸ್ರು ಸೋಮನ್ನ ಮುಟ್ಟಂಗಿಲ್ಲ ಕಣಪ್ಪ.”

“ಇಲ್ಲಿ ಮುಟ್ದೇ ಇದ್ರೆ ಏನೂ ಕಾಣಕಿಲ್ಲ.”

ಮುಖವಾಡವನ್ನು ಮ್ಯೂಸಿಯಮ್ಮಿಗೆ ಒಪ್ಪಿಸಿದ ದಿನ, ಅಪ್ಪನ ನೆನಪಿಗೆ ಒಮ್ಮೆ ಮುಟ್ಟುತ್ತೇನೆಂದ ಅವ್ವನ ಕೈ ತಡೆದವರು ನೀವೇ. ಇಂದು ಅವಳು ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಮುಟ್ಟಿದಳು. ಸೋಮ ಬಂದ. ಅವನ ಕೆನ್ನೆಗೆ ಅಂಗೈಯಿಟ್ಟು, “ಇದರೊಳಗೆ ನಿಮ್ಮಪ್ಪ ಏಟೊಂದು ಬೆವರೋರು. ಒಂದಿನಾನೂ ಒರೆಸಾಕಾಗ್ಲಿಲ್ಲ,” ಅಂದಳು. ಬಾಗಿಲು ಹಾಕುವ ಹೊತ್ತಾಗಿದ್ದರೂ ನಿಂಗಯ್ಯ ಅವಸರ ಮಾಡಲಿಲ್ಲ.

ಅವ್ವನ ಮಂಡಿನೋವಿಗೆ ಎಣ್ಣೆ ಕೊಂಡಿದ್ದೇನೆ, ಬುಧವಾರ ಬರುತ್ತೇವೆ. ಈ ಕಾಗದವನ್ನು ಕವರಿನಲ್ಲಿಟ್ಟು ಅಂಟಿಸೋಣವೇ ಎಂದು ಅವ್ವನನ್ನು ಕೇಳಿದೆ. “ಪೋಸ್ಟ್ ಕಾರ್ಡಲ್ಲೇ ಬರಿ. ನಿಮ್ ಚಿಕ್ಕಪ್ಪನ ಕೈ ಸೇರೋ ಮುಂಚೆ ಊರೋರೆಲ್ಲ ಓದ್ಲಿ,” ಅಂದಳು.

ನಿಮ್ಮ
ಪುಟ್ಟರಾಜು